ಹತ್ತಕ್ಕೆ ಹತ್ತು

ಸಕ್ಕರೆ ಕಾಯಿಲೆಯವರ ಪಾದ ಪರೀಕ್ಷೆಯ ಕೋಣೆಯಲ್ಲಿ ನರ್ಸಿಗೆ ಬೇಕಾದ ಸಾಮಾನು ಹೆಚ್ಚೇನಿಲ್ಲ. ಒಂದು ಸ್ಟೂಲು, ಒಂದು ದೀಪ, ಪೆನ್ನಿನಂಥ ಹಿಡಿಕೆಗೆ ಸಿಕ್ಕಿಸಿದ ಒಂದು ನೈಲಾನ್ ಎಳೆ. ರೋಗಿ ಕಣ್ಣು ಮುಚ್ಚಿ ಮಲಗಬೇಕು. ನರ್ಸು ಮಾತಿಲ್ಲದೆ ಪಾದದ ಹತ್ತು ಜಾಗದಲ್ಲಿ ಎಳೆಯನ್ನು ಒತ್ತಬೇಕು. ತಾಗಿದಾಗ ರೋಗಿ ‘ಹೂಂ’ ಅನ್ನಬೇಕು. ನಾಲ್ಕು ಕಡೆ ‘ಹೂಂ’ ಬರದಿದ್ದರೆ ಪಾದ ಮರಗಟ್ಟಿದೆ ಎಂದರ್ಥ, ಸರ್ಕಾರಿ ವಿಮೆ ಆ ಪಾದವನ್ನು ನೋಡಿಕೊಳ್ಳುತ್ತದೆ: ತಿಂಗಳಿಗೊಮ್ಮೆ ಉಗುರು ತೆಗೆಯುವುದು, ಆಣಿ ಕೆರೆಯುವುದು, ಮೆತ್ತನೆಯ ಚಪ್ಪಲಿ ಕೊಡಿಸುವುದು. ಎಲ್ಲ ಕಡೆ ‘ಹೂಂ’ ಬಂದರೆ ಪಾದ ಚೆನ್ನಾಗಿದೆ ಎಂದರ್ಥ, ವಿಮೆಯವರು ಕೈ ತೊಳೆದುಕೊಳ್ಳುತ್ತಾರೆ. ಬಡವರ ಕಾಲಿನ ಹಣೆಬರಹ ಬರೆಯಲು ಒಂದೆಳೆ ದಾರ ಸಾಕು ಎಂದು ಯಾರಿಗೆ ಹೊಳೆಯಿತೋ, ಆ ಪುಣ್ಯಾತ್ಮ ಒಂದು ದಿನವೂ ಸಾಲಿನಲ್ಲಿ ನಿಂತಿರಲಿಕ್ಕಿಲ್ಲ.

ನರ್ಸು ಕೆಟ್ಟವಳಲ್ಲ. ಕೈ ಮೃದು, ಮಾತು ಇನ್ನೂ ಮೃದು. ಆದರೆ ದಿನಕ್ಕೆ ನಲವತ್ತು ಜನ ಎಂದರೆ ಎಂಬತ್ತು ಪಾದ, ಅವರಲ್ಲಿ ಅರ್ಧ ಜನ ಕಣ್ಣು ಮುಚ್ಚಿದೊಡನೆ ಗೊರಕೆ ಶುರುಮಾಡುತ್ತಿದ್ದರು. ಹಾಗಾಗಿ ಒತ್ತಿದಾಗಲೆಲ್ಲ ‘ತಾಗ್ತಾ?’ ಎಂದು ಕೇಳುವುದು ಅವಳಿಗೆ ಯಾವಾಗಲೋ ಅಭ್ಯಾಸವಾಗಿಬಿಟ್ಟಿತ್ತು. ಕೇಳಿದರೆ ಉತ್ತರ ಥಟ್ಟನೆ ಬರುತ್ತದೆ, ಸಾಲು ಸರಸರ ಸರಿಯುತ್ತದೆ. ಹಾಗೆ ಕೇಳಿದರೆ ಪರೀಕ್ಷೆಯೇ ಕೆಟ್ಟಂತೆ ಎಂಬುದು ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದು ನಮಗೆಲ್ಲ ಬರುವ ವಿದ್ಯೆ ತಾನೇ!

ಇಸ್ತ್ರಿಯಕ್ಕ ಆ ಕೋಣೆಗೆ ಬಂದದ್ದು ಅಂಥ ಒಂದು ದಿನ. ಆಸ್ಪತ್ರೆಯ ಎದುರಿನ ಇಸ್ತ್ರಿ ಅಂಗಡಿಯಲ್ಲಿ ಮೂವತ್ತು ವರ್ಷ ನಿಂತೇ ಬದುಕಿದವಳು. ಆಸ್ಪತ್ರೆಯ ಬಿಳಿ ಕೋಟುಗಳೆಲ್ಲ ಅವಳ ಕೈಯಲ್ಲೇ ಗರಿಗರಿಯಾಗುತ್ತಿದ್ದವು. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಅವಳು ಮಲಗಿದಳು, ನರ್ಸು ‘ತಾಗ್ತಾ?’ ಎಂದಳು, ಅವಳು ‘ಹೂಂ’ ಎಂದಳು. ಆರು ಜಾಗ ಹೀಗೇ ಮುಗಿಯಿತು. ಏಳನೆಯದಕ್ಕೆ ಕೈ ಎತ್ತಿದಾಗ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ನರ್ಸು ಅತ್ತ ತಿರುಗಿದಳು. ಎಳೆ ಪಾದದಿಂದ ಗೇಣುದ್ದ ಮೇಲಿತ್ತು, ಬಾಯಿ ಮಾತ್ರ ಅಭ್ಯಾಸಬಲದಿಂದ ‘ತಾಗ್ತಾ?’ ಎಂದಿತು.

‘ಹೂಂ’ ಎಂದಳು ಇಸ್ತ್ರಿಯಕ್ಕ.

ನರ್ಸು ಗಾಳಿಯಲ್ಲೇ ನಿಂತಿದ್ದ ಎಳೆಯನ್ನು ನೋಡಿದಳು. ಇಸ್ತ್ರಿಯಕ್ಕ ಮೇಷ್ಟ್ರ ಮುಂದೆ ಮಗ್ಗಿ ಒಪ್ಪಿಸುವ ಮಗುವಿನಂತೆ ಕಣ್ಣು ಬಿಗಿಯಾಗಿ ಮುಚ್ಚಿದ್ದಳು. ಮತ್ತೆ ಮೊದಲಿನಿಂದ ಮಾಡಬೇಕು, ಬಾಯಿ ಮುಚ್ಚಿಕೊಂಡು ಮಾಡಬೇಕು ಎಂದು ನರ್ಸು ಅಂದುಕೊಳ್ಳುವಷ್ಟರಲ್ಲಿ ಗುಮಾಸ್ತ ಬಾಗಿಲಲ್ಲಿ ಇಣುಕಿದ. “ಸಿಸ್ಟರ್, ಇನ್ನೂ ಹನ್ನೊಂದು ಜನ ಇದ್ದಾರೆ. ನಾಲ್ಕಕ್ಕೆ ಫಾರಂ ಕಳಿಸ್ಬೇಕು.” ಅವಳು ಬಲಗಾಲಿಗೆ ಹತ್ತು, ಎಡಗಾಲಿಗೆ ಹತ್ತು ಎಂದು ಬರೆದಳು.

“ನಾನು ಪಾಸಾ ಸಿಸ್ಟರ್?”

“ಹತ್ತಕ್ಕೆ ಹತ್ತು, ಅಕ್ಕ” ಎಂದು ನಕ್ಕಳು ಬೇರೆ.

ನಾಲ್ಕು ತಿಂಗಳಾಯಿತು. ಯಾರದೋ ಅಂಗಿಯ ಗುಂಡಿ ಕಿತ್ತುಬಂದು ಇಸ್ತ್ರಿಯಕ್ಕ ಕೆಲಸಕ್ಕೆಂದು ಹಾಕುತ್ತಿದ್ದ ಹಳೆ ಬೂಟಿನೊಳಗೆ ಬಿತ್ತು. ಮೂರು ದಿನ ಅವಳು ಅದರ ಮೇಲೇ ನಿಂತು ಇಸ್ತ್ರಿ ಹಾಕಿದಳು, ನೋವಿಲ್ಲ, ಉರಿಯಿಲ್ಲ. ನಾಲ್ಕನೆಯ ದಿನ ವಾಸನೆ ಹಿಡಿದವಳು ಮಗಳು. ಬಲಗಾಲಿನ ಹೆಬ್ಬೆರಳು ತೆಗೆಯಬೇಕಾಯಿತು. ಖರ್ಚೆಲ್ಲ ವಿಮೆಯದ್ದೇ. ಉಗುರು ತೆಗೆಯಲು ಇಲ್ಲದ ಹಣ ಬೆರಳು ತೆಗೆಯಲು ಸಲೀಸಾಗಿ ಬಂತು.

ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸ ನರ್ಸಿನ ಪಾಲಿಗೇ ಬಂತು, ವಾರಕ್ಕೆರಡು ಸಲ. ಮೊದಲ ದಿನವೇ ಇಸ್ತ್ರಿಯಕ್ಕ ಅವಳ ಕೈ ಹಿಡಿದುಕೊಂಡು ಅತ್ತಳು.

“ಸಿಸ್ಟರ್, ನಿಮ್ಗೆ ಸುಳ್ಳು ಹೇಳ್ಬಿಟ್ಟೆ. ಆವತ್ತು ನಂಗೇನೂ ತಾಗ್ತಾ ಇರ್ಲಿಲ್ಲ. ಫೇಲಾದ್ರೆ ಎಲ್ಲಿ ವಿಮೆ ಕಾರ್ಡ್ ಕಿತ್ಕೋತಾರೋ ಅಂತ ಹೂಂ ಹೂಂ ಅಂದೆ. ನೀವು ಅಷ್ಟು ಪ್ರೀತಿಯಿಂದ ಕೇಳ್ತಿದ್ರಿ, ನಾನು ಮೋಸ ಮಾಡ್ದೆ. ಕ್ಷಮಿಸ್ಬಿಡಿ.”

ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? “ಆಗಿದ್ದಾಯ್ತು, ಬಿಡಿ ಅಕ್ಕ” ಎಂದಳು ನರ್ಸು. ಕ್ಷಮಿಸಿಬಿಟ್ಟಳು! ಕ್ಷಮಿಸಲು ಅವಳ್ಯಾರು? ಆ ರಾತ್ರಿ ಅವಳಿಗೆ ಅನ್ನ ಸೇರಲಿಲ್ಲ. ಬೆರಳು ಹೋದದ್ದಕ್ಕಿಂತ ಆ ‘ಬಿಡಿ ಅಕ್ಕ’ ಅವಳನ್ನು ಹೆಚ್ಚು ಸುಟ್ಟಿತು.

ಮಗಳು ಪ್ರತಿ ಸಲ ಅಮ್ಮನನ್ನು ಬಾಗಿಲವರೆಗೆ ತಂದು ಬಿಡುತ್ತಿದ್ದಳು. ಕೆಲಸಕ್ಕೆ ರಜೆ ಹಾಕಿ ಬಂದ ಸಿಟ್ಟು ಮುಖದಲ್ಲೇ ಇರುತ್ತಿತ್ತು. “ಇವತ್ತಾದ್ರೂ ಸಿಸ್ಟರ್ ಕೇಳಿದ್ದಕ್ಕೆ ನಿಜ ಹೇಳು, ಸುಳ್ಳಿ” ಎಂದು ಅಮ್ಮನನ್ನು ಒಳಗೆ ಕಳಿಸಿ ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದಳು. ನರ್ಸು ಪಟ್ಟಿಯ ಕಡೆ ಬಗ್ಗಿಕೊಂಡು ಕೇಳಿಸದವಳಂತೆ ಇರುತ್ತಿದ್ದಳು.

ಮೂರನೆಯ ವಾರ ಎಡಗಾಲಿನ ಆಣಿಯ ಸುತ್ತ ಕೆಂಪಾಗಿರುವುದು ಕಂಡಿತು. ಈ ಕಾಲಿಗಾದರೂ ಆರೈಕೆ ಮತ್ತು ಚಪ್ಪಲಿ ಕೊಡಿ ಎಂದು ಡಾಕ್ಟರು ವಿಮಾ ಕಚೇರಿಗೆ ಬರೆದರು. ಉತ್ತರ ಬಂತು: ಎಡಗಾಲು ಹತ್ತಕ್ಕೆ ಹತ್ತು, ಮುಂದಿನ ಪರೀಕ್ಷೆ ವರ್ಷ ತುಂಬಿದ ಮೇಲೆ; ಹಳೆಯದು ತಪ್ಪಾಗಿದ್ದರೆ ಹೇಗೆ ತಪ್ಪಾಯಿತೆಂದು ಪರೀಕ್ಷಿಸಿದವರೇ ಬರೆದು ಕಳಿಸಲಿ. ನರ್ಸು ಬರೆದಳು. ‘ರೋಗಿಯು ತಪ್ಪು ಉತ್ತರ ಕೊಟ್ಟಿರುತ್ತಾರೆ.’ ಸುಳ್ಳೇನಲ್ಲವಲ್ಲ ಎಂದು ತನಗೇ ಸಮಾಧಾನ ಹೇಳಿಕೊಂಡಳು. ಎಂಟು ದಿನದಲ್ಲಿ ಅದೂ ತಿರುಗಿ ಬಂತು: ರೋಗಿ ತಪ್ಪು ಮಾಹಿತಿ ಕೊಟ್ಟಿದ್ದರೆ ವಿಮೆ ಹೊಣೆಯಲ್ಲ. ಪರೀಕ್ಷಿಸಿದವರ ತಪ್ಪಿದ್ದರೆ ಮಾತ್ರ ಹೊಸ ಪರೀಕ್ಷೆ, ಅದಕ್ಕೆ ರೋಗಿಯ ಸಹಿಯೂ ಬೇಕು.

ತನ್ನ ತಲೆ ಉಳಿಸಿಕೊಳ್ಳಲು ಹೋಗಿ ಆ ಎಡಗಾಲಿನ ಎಂಟು ದಿನ ತಿಂದುಹಾಕಿದ್ದಳು. ಕೆಂಪು ಈಗ ಹೆಬ್ಬೆರಳಿನ ಬುಡಕ್ಕೆ ಹತ್ತಿರವಾಗಿತ್ತು. ಕೆಲಸ ಹೋದರೆ ಹೋಗಲಿ ಎಂದು ಅವಳು ಮಧ್ಯಾಹ್ನದ ಊಟ ಬಿಟ್ಟು ಕೂತು ಇನ್ನೊಂದು ಕಾಗದ ಬರೆದಳು.

ಪಟ್ಟಿ ಕಟ್ಟಿಸಿಕೊಳ್ಳಲು ಬಂದ ಇಸ್ತ್ರಿಯಕ್ಕನ ಮುಂದೆ ಅದನ್ನು ಇಟ್ಟಳು. “ಕನ್ನಡಕ ತಂದಿಲ್ಲ ಸಿಸ್ಟರ್, ನೀವೇ ಓದ್ಬಿಡಿ” ಎಂದಳು ಇಸ್ತ್ರಿಯಕ್ಕ. ಓದದೆ ಸಹಿ ಹಾಕಿಸಿಕೊಳ್ಳಬಹುದಿತ್ತು. ನರ್ಸು ಹಲ್ಲು ಕಚ್ಚಿ ಓದಿದಳು.

“ಏಳನೆಯ ಜಾಗದಲ್ಲಿ ನಾನು ಎಳೆಯನ್ನು ತಾಗಿಸಿರಲಿಲ್ಲ. ಆದರೂ ರೋಗಿ ಹೂಂ ಎಂದರು. ಅವರಿಗೆ ಸ್ಪರ್ಶ ತಿಳಿಯುತ್ತಿಲ್ಲವೆಂದು ನನಗೆ ಆಗಲೇ ಗೊತ್ತಾಯಿತು. ಮತ್ತೆ ಪರೀಕ್ಷೆ ಮಾಡದೆ ಎರಡೂ ಕಾಲಿಗೆ ಹತ್ತಕ್ಕೆ ಹತ್ತು ಎಂದು ಬರೆದೆ.”

ಇಸ್ತ್ರಿಯಕ್ಕ ನರ್ಸಿನ ಮುಖ ನೋಡಿದಳು.

“ಆವತ್ತೇ ಗೊತ್ತಿತ್ತಾ?”

“ಗೊತ್ತಿತ್ತು ಅಕ್ಕ.”

“ನಾನು ಅತ್ಕೊಂಡು ಕ್ಷಮಿಸಿ ಅಂದಾಗ್ಲೂ?”

ನರ್ಸು ಹೌದೆಂದು ತಲೆಯಾಡಿಸಿದಳು.

ಇಸ್ತ್ರಿಯಕ್ಕ ಪೆನ್ನು ತೆಗೆದುಕೊಂಡು ನಿಧಾನವಾಗಿ ಸಹಿ ಹಾಕಿದಳು. ಆಮೇಲೆ ಪಟ್ಟಿ ಕಟ್ಟಿಸಿಕೊಳ್ಳಲು ನರ್ಸಿನ ತೊಡೆಯ ಮೇಲಿಟ್ಟಿದ್ದ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

“ಬೆರಳು ಹೋಯ್ತು, ಅದರ ಮಾತು ಬಿಡಿ. ಅಷ್ಟು ಜನ ಸಾಲಲ್ಲಿದ್ರು, ನಾನೂ ಕಂಡಿದ್ದೀನಿ. ಆದ್ರೆ ಐದು ವಾರದಿಂದ ಮಗಳು ನನ್ನ ಸುಳ್ಳಿ ಅಂತಾಳೆ. ಹೌದಮ್ಮ ಹೌದು ಅಂತ ತಲೆ ತಗ್ಗಿಸ್ಕೊಂಡು ಅವಳು ಹಾಕಿದ್ದನ್ನ ತಿಂತಿದ್ದೀನಿ. ಈ ಬಾಗಿಲಲ್ಲೇ ಅವಳು ಅಂದಿದ್ದು ನಿಮ್ಗೆ ಕೇಳ್ಸಿಲ್ವಾ?”

“ಕೇಳಿಸ್ತು” ಎಂದಳು ನರ್ಸು. ಕಣ್ಣಲ್ಲಿ ನೀರು ತುಂಬಿತು. “ಅವಳನ್ನ ಕರೀರಿ ಅಕ್ಕ. ನಾನೇ ಹೇಳ್ತೀನಿ.”

“ನಾನ್ಯಾಕೆ ಕರೀಲಿ? ನೀವೇ ಹೋಗಿ ಕರ್ಕೊಂಡು ಬನ್ನಿ.”

ನರ್ಸು ಕಾಗದವನ್ನು ಕೈಯಲ್ಲೇ ಹಿಡಿದುಕೊಂಡು ಎದ್ದು ಬಾಗಿಲು ತೆಗೆದಳು. ಬೆಂಚಿನಲ್ಲಿ ಕೂತಿದ್ದ ಮಗಳು ತಟ್ಟನೆ ಎದ್ದು ನಿಂತಳು.

“ನಮ್ಮಮ್ಮ ಮತ್ತೇನು ಮಾಡಿದ್ಲು ಸಿಸ್ಟರ್?” ಎಂದಳು.