ಸೀಟಮ್ಮನ ಕಾರು

ಎದುರು ಮನೆಯ ಗೋಡೆಯೂ ಕಾಣದಷ್ಟು ದಟ್ಟವಾದ ಮಂಜು ಬಿದ್ದಿತ್ತು ಆ ಬೆಳಿಗ್ಗೆ. ಆ ಮಂಜಿನಲ್ಲೇ ನಾಲ್ಕಾರು ಗಂಡಸರು ಏದುಸಿರು ಬಿಡುತ್ತ ಸೀಟಮ್ಮನ ಕಾರನ್ನು ಗೇಟಿನಿಂದಾಚೆಗೆ ತಳ್ಳುತ್ತಿದ್ದರು. ಅವಳ ಹೆಣ ಒಯ್ಯಲು ಬಂದ ವ್ಯಾನು ಬೀದಿಯಲ್ಲಿ ನಿಂತು ಹಾರ್ನು ಹಾಕುತ್ತಿತ್ತು. ಕಾರು ಅಲ್ಲಾಡದ ಹೊರತು ಅದಕ್ಕೆ ಅಂಗಳಕ್ಕೆ ದಾರಿಯಿರಲಿಲ್ಲ.

"ಬದುಕಿದ್ದಾಗ ಯಾರಿಗೂ ದಾರಿ ಬಿಟ್ಟೋಳಲ್ಲ," ಎಂದು ಗುಜರಿ ಮಾವ ಹಿಂದಿನಿಂದ ಹೆಗಲು ಕೊಡುತ್ತ ಗೊಣಗಿದ. "ಈಗ ಅವಳ ಕಾರೂ ಬಿಡ್ತಿಲ್ಲ ನೋಡ್ರಪ್ಪ."

"ಬಾಯಿ ಮುಚ್ಕೊಂಡು ತಳ್ಳು ಮಾವ."

ಹಾಗೆಂದವನು ಸತ್ತವಳ ಮಗ. ಬಾಗಿಲಲ್ಲಿ ತಲೆ ತಗ್ಗಿಸಿಯೇ ನುಗ್ಗಬೇಕಾದಷ್ಟು ಉದ್ದದ ಆಳು. ಕಾರಿನೊಳಗೆ ಕೂರದೆ, ಹೊರಗಿನಿಂದಲೇ ಕಿಟಕಿಯೊಳಗೆ ಕೈ ತೂರಿಸಿ ಸ್ಟೀರಿಂಗ್ ಹಿಡಿದು, ಗೂನು ಬೆನ್ನು ಮಾಡಿಕೊಂಡು ಪಕ್ಕದಲ್ಲಿ ಹೆಜ್ಜೆ ಹಾಕುತ್ತಿದ್ದ.

ಆಗಷ್ಟೇ ಬಸ್ಸಿಳಿದು ಬಂದ ಅವನ ತಂಗಿ ಇದನ್ನು ನೋಡುತ್ತ ಗೇಟಿನ ಪಕ್ಕ ನಿಂತಳು. ಬೀದಿಯವರೆಲ್ಲ ಅವಳನ್ನು ಗಿಡ್ಡಿ ಎಂದೇ ಕರೆಯುವುದು. ಕರೆಸಿಕೊಂಡು ಅವಳಿಗೂ ರೂಢಿಯಾಗಿತ್ತು. 'ಒಳಗೆ ಕೂತರೆ ಬಟ್ಟೆ ಕೊಳೆಯಾಗುತ್ತಲ್ಲ ದೊರೆಗೆ' ಎಂದುಕೊಂಡಳು. ಅವಳ ಕೈ ತಾನಾಗಿ ಜೇಬಿಗೆ ಹೋಯಿತು. ಅಲ್ಲಿ ಕರವಸ್ತ್ರದಲ್ಲಿ ಸುತ್ತಿದ ಹೆಬ್ಬೆರಳ ಗಾತ್ರದ ತುಂಡೊಂದಿತ್ತು: ಎಂಜಿನ್ನಿನ ಕಿಡಿ ಹಂಚುವ ಡಬ್ಬಿಯೊಳಗೆ ತಿರುಗುವ ರೋಟರ್. ಈ ಕಾರಿನದೇ. ಅದಿಲ್ಲದೆ ಕಾರು ಎಷ್ಟು ಕೀಲಿ ತಿರುಗಿಸಿದರೂ ಗುರುಗುಟ್ಟೀತೇ ಹೊರತು ಹೊತ್ತಿಕೊಳ್ಳದು. ಆ ಜಾತಿಯ ಕಾರು ತಯಾರಾಗುವುದು ನಿಂತು ಒಂದು ತಲೆಮಾರೇ ಕಳೆದಿತ್ತು. ಅದರ ಜೋಡಿ ಇನ್ನೆಲ್ಲೂ ಸಿಗದೆಂದು ಅವಳ ನಂಬಿಕೆ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಒಂದೇ ನಿರ್ಧಾರವನ್ನು ಮೆಲುಕು ಹಾಕುತ್ತ ಬಂದಿದ್ದಳು. ಗುಂಡಿಗೆ ಮಣ್ಣು ಹಾಕುವಾಗ ಇದನ್ನೂ ಹಾಕಿಬಿಡುವುದು. ಅಮ್ಮನ ಜೊತೆಗೇ ಹೋಗಲಿ. ಅಣ್ಣನ ಕೈಯಲ್ಲಿ ಆ ಕಾರು ಒಂದು ಮಾರು ದೂರವೂ ಓಡಬಾರದು.

ಅಣ್ಣ ತಲೆಯೆತ್ತಿ ಅವಳನ್ನು ಕಂಡ.

"ಬಂದಳಪ್ಪ ಕಳ್ಳಿ," ಎಂದ, ಎಲ್ಲರಿಗೂ ಕೇಳುವ ಹಾಗೆ.

"ಕದಿಯೋಕೆ ನಿಂದೇನಿತ್ತೋ ಅದರಲ್ಲಿ?" ಎಂದು ಅವಳು ಚೀಲ ಹೆಗಲಿಗೇರಿಸಿ ಒಳಗೆ ಹೋದಳು.

*

ಕಾರು ಆ ಮನೆಗೆ ಬಂದದ್ದು ಸ್ಪ್ರಿಂಗಿನ ನೆವದಲ್ಲಿ.

ಸೀಟಮ್ಮ ಸಿನಿಮಾ ಮಂದಿರದ ಕುರ್ಚಿಗಳಿಗೆ, ಬಸ್ಸುಗಳಿಗೆ, ಡಾಕ್ಟರ ಬೆಂಚುಗಳಿಗೆ ಸೀಟು ಹೊಲಿಯುತ್ತಿದ್ದವಳು. ಒಮ್ಮೆ ಹಳೆ ಸ್ಪ್ರಿಂಗು ಹುಡುಕಿಕೊಂಡು ಗುಜರಿಗೆ ಹೋದಳು. ಅಲ್ಲಿ ಬೇಲಿಬಳ್ಳಿ ಹಬ್ಬಿಸಿಕೊಂಡು ಈ ಕಾರು ಕೂತಿತ್ತು. "ಸ್ಪ್ರಿಂಗು ಯಾಕಮ್ಮ, ಇಡೀ ಹೆಣಾನೇ ಎತ್ಕೊಂಡು ಹೋಗು, ನಂಗೆ ಜಾಗ ಆದ್ರೆ ಸಾಕು," ಎಂದು ಗುಜರಿಯವನು ತಮಾಷೆ ಮಾಡಿದ. ಸೀಟಮ್ಮನ ಮುಂದೆ ತಮಾಷೆ ಮಾಡಬಾರದೆಂದು ಅವನಿಗಿನ್ನೂ ತಿಳಿದಿರಲಿಲ್ಲ. ಮರುದಿನವೇ ಕಾರು ಅವಳ ಅಂಗಳದಲ್ಲಿತ್ತು.

ಗಂಡ ತೀರಿಕೊಂಡಿದ್ದ. ಮಗ ಚಪ್ಪಲಿ ಕಾರ್ಖಾನೆಗೆ ಸೇರಿ ಬೇರೆ ಊರಲ್ಲಿದ್ದ. ಮನೆಯಲ್ಲಿ ಉಳಿದದ್ದು ಇವರಿಬ್ಬರೇ. ಶಾಲೆಯಿಂದ ಬಂದವಳೇ ಗಿಡ್ಡಿ ಚೀಲ ಎಸೆದು ಕಾರಿನಡಿ ತೂರುತ್ತಿದ್ದಳು. ಎಂಜಿನ್ನು ಅವಳ ಪಾಲು, ಒಳಗಿನ ಸಿಂಗಾರ ಅಮ್ಮನ ಪಾಲು. ಬಿಚ್ಚಿದ ನಟ್ಟುಗಳನ್ನು ಅಮ್ಮ ಗುಂಡಿಗಳ ಹಾಗೆ ದಾರಕ್ಕೆ ಪೋಣಿಸಿ, ಚಕ್ರದವು ಕೈಕಾಲು, ಎಂಜಿನ್ನಿನವು ಹೊಟ್ಟೆ ಎಂದು ಬೇರೆಬೇರೆ ಮೊಳೆಗೆ ನೇತುಹಾಕುತ್ತಿದ್ದಳು. ಒಮ್ಮೆ ದಾರ ಹರಿದು ಹೊಟ್ಟೆಯ ನಟ್ಟೆಲ್ಲ ಕೈಕಾಲಿನದಕ್ಕೆ ಬೆರೆತು, ಅವರ ಒಂದಿಡೀ ಬೇಸಿಗೆ ನಟ್ಟು ಹೊಂದಿಸುವುದರಲ್ಲೇ ಹೋಯಿತು.

"ನಿನ್ನ ಬುದ್ಧಿಗೆ ಬೆಂಕಿ ಹಾಕ, ಕಾರೇನು ರವಿಕೆನಾ ದಾರಕ್ಕೆ ಕಟ್ಟೋಕೆ?" ಎಂದು ಮಗಳು ರೇಗಿದರೆ, "ರವಿಕೆ ಆಗಿದ್ರೆ ಇಷ್ಟೊತ್ತಿಗೆ ತೊಟ್ಕೊಂಡು ತಿರುಗ್ತಿದ್ದೆ ಕಣೆ," ಎನ್ನುತ್ತಿದ್ದಳು ತಾಯಿ.

ಎಲ್ಲ ಮುಗಿದ ಮೇಲೆ ಅಮ್ಮ ಮಗಳನ್ನು ಮುಕ್ಕಾಲಿಯ ಮೇಲೆ ಕೂರಿಸಿದಳು. ಸೊಂಟದಿಂದ ಮಂಡಿಗೆ, ಮಂಡಿಯಿಂದ ಹಿಮ್ಮಡಿಗೆ ಟೇಪು ಹಿಡಿದಳು. ಡ್ರೈವರ್ ಸೀಟಿನ ಕೆಳಗೆ ನಾರಿನ ಮೇಲೆ ಫೋಮು, ಫೋಮಿನ ಮೇಲೆ ಮತ್ತೆ ಫೋಮು ಇಟ್ಟು ಎತ್ತರಿಸಿದಳು. ಬೆನ್ನಿಗೆ ದಪ್ಪ ದಿಂಬು ಕಟ್ಟಿ ಮುಂದಕ್ಕೆ ತಂದಳು. ಮೇಣ ಹಚ್ಚಿದ ದಾರ, ದಬ್ಬಣ, ಎರಡೆಳೆ ಹೊಲಿಗೆ. "ಇದು ಬಿಚ್ಚಬೇಕಂದ್ರೆ ನಾನೇ ಬರಬೇಕು," ಎಂದು ಹಲ್ಲಿನಿಂದ ದಾರ ಕಡಿದಳು.

ಮೊದಲ ಸಲ ಎಂಜಿನ್ನು ಹೊತ್ತಿಕೊಂಡಾಗ ಸೀಟಮ್ಮ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಂತಳು. ತುಟಿ ಅಲುಗುತ್ತಿತ್ತು. ದೇವರಿಗೆ ಏನು ಹೇಳಿದಳೋ, ಅದನ್ನು ಅವನೇ ಬಲ್ಲ.

*

ಈಗ ಆ ಅಂಗೈಗಳು ಎದೆಯ ಮೇಲೆ ಒಂದರ ಮೇಲೊಂದಿದ್ದವು. ದಬ್ಬಣ ಒತ್ತಿ ಒತ್ತಿ ಕಾಯಿಗಟ್ಟಿದ ಹೆಬ್ಬೆರಳು ಮಾತ್ರ ಇನ್ನೂ ಕೆಲಸದಲ್ಲಿರುವಂತೆ ಸೆಟೆದಿತ್ತು. ಹೊಲಿಗೆ ಕೋಣೆಯಲ್ಲಿದ್ದ ಅರ್ಧ ಮುಗಿದ ಬಸ್ಸಿನ ಸೀಟುಗಳನ್ನು ಗೋಡೆಗೆ ಒರಗಿಸಿ, ಬಂದವರು ಅವುಗಳ ಮೇಲೇ ಕೂತಿದ್ದರು.

"ಈಗ ದಾರಿ ಗೊತ್ತಾಯ್ತಾ ಮಹಾತಾಯಿ?" ಎಂದಳು ಸತ್ತವಳ ತಂಗಿ ಗಿಡ್ಡಿಗೆ, ಕಣ್ಣೊರೆಸಿಕೊಳ್ಳುತ್ತಲೇ. "ಉಸಿರಿದ್ದಾಗ ಒಂದು ಗುಟುಕು ನೀರು ಬಿಡೋಕೆ ಬರಲಿಲ್ಲ."

"ಅವಳು ಕರೀಲಿಲ್ಲ ಚಿಕ್ಕಮ್ಮ."

"ಅವಳು ಕರೀಲಿಲ್ಲ. ನಾನು ಕರೆದೆ." ಅಣ್ಣ ಬಾಗಿಲಲ್ಲಿ ತಲೆ ತಗ್ಗಿಸಿ ಒಳಬಂದಿದ್ದ. "ಅಮ್ಮಂಗೆ ಎದೆನೋವು ಅಂತ ಫೋನು ಮಾಡಿದೆ. ಏನಂದೆ ನೀನು? ಹೇಳು, ಇಷ್ಟು ಜನ ಇದಾರೆ, ಕೇಳಲಿ."

ಗಿಡ್ಡಿ ಅಮ್ಮನ ಕಾಲ ಬಳಿ ಚೀಲ ಇಳಿಸಿದಳು.

"ನಾನೇ ಹೇಳ್ತೀನಿ. 'ನಿನ್ನ ಕಾರಿದೆಯಲ್ಲ, ಅದರಲ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗು' ಅಂದಳು. ತರಕಾರಿ ಗಾಡೀಲಿ ಮಲಗಿಸ್ಕೊಂಡು ಹೋದೆ ನಾನು."

ಕೋಣೆಯಲ್ಲಿ ಯಾರೋ ಲೊಚಗುಟ್ಟಿದರು. ಅವಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ತಿಳಿಯದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

"ನನ್ನ ಕೈಯಾರೆ ಮಾಡಿದ ಕಾರು ಅದು. ಒಂದು ನಟ್ಟಿನ ಹೆಸರು ಹೇಳೋಕೆ ಬರುತ್ತಾ ನಿಂಗೆ? ನೆಟ್ಟಗೆ ಅದರೊಳಗೆ ಕೂರೋಕೂ ಮನಸ್ಸಿಲ್ಲ, ಯಜಮಾನ ಅಂತೆ ಯಜಮಾನ."

ಅಣ್ಣ ಅವಳನ್ನೇ ನೋಡಿದ. "ಹೆಣ ಎತ್ತೋದಿದೆ," ಎಂದಷ್ಟೇ ಹೇಳಿ ಹೊರಗೆ ಹೋದ.

*

ತಾಯಿ ಮಗಳಿಗೆ ಜಗಳವಾದ ದಿನ ಇದೇ ಕೋಣೆಯಲ್ಲಿ ಅಮ್ಮ ಬೆಂಚಿನ ರೆಕ್ಸಿನ್ ಕತ್ತರಿಸುತ್ತಿದ್ದಳು. ಚಪ್ಪಲಿ ಕಾರ್ಖಾನೆ ಮುಚ್ಚಿ, ಅಣ್ಣ ಗಂಟುಮೂಟೆ ಸಮೇತ ಮನೆಗೆ ಬಂದು ಕೆಲವು ದಿನವಾಗಿತ್ತು.

"ಕಾರು ಅವನಿಗಿರಲಿ," ಎಂದಳು ಅಮ್ಮ, ಕತ್ತರಿಯಿಂದ ಕಣ್ಣೆತ್ತದೆ. "ಮದುವೆಗಿದುವೆಗೆ ಬಾಡಿಗೆಗೆ ಓಡಿಸ್ಕೊಳ್ಳಲಿ. ಅವನಿಗೆ ದುಡಿಮೆ ಬೇಕು. ನಿನ್ನ ಕೈಯಲ್ಲಿ ವಿದ್ಯೆ ಇದೆ, ನೀನು ಎಲ್ಲಾದರೂ ಬದುಕ್ತೀಯ."

"ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ಕೇಳಿದ್ರೆ ಕೊಡ್ತಿದ್ಯಾ?"

"ಕೊಡ್ತಿದ್ದೆನೋ ಏನೋ! ಕೇಳಬೇಕಿತ್ತು."

ಗಿಡ್ಡಿ ಅಂಗಳಕ್ಕೆ ಹೋಗಿ ಬಾನೆಟ್ ಎತ್ತಿದಳು. ಡಬ್ಬಿಯ ಎರಡು ಕ್ಲಿಪ್ಪು ಸರಿಸಿ, ರೋಟರನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಬಾನೆಟ್ಟನ್ನು ಸದ್ದಾಗುವಂತೆ ಮುಚ್ಚಿದಳು. ಕಿಟಕಿಯಲ್ಲಿ ಅಮ್ಮ ನಿಂತಿದ್ದಳು. ತಡೆಯಲಿಲ್ಲ. ಮಗಳು ಬೇರೆ ಊರಿನ ಬಸ್ಸು ವರ್ಕ್‌ಶಾಪಿಗೆ ಸೇರಿದಳು. ಒಬ್ಬಳು ಕರೆಯಲಿಲ್ಲ, ಒಬ್ಬಳು ಬರಲಿಲ್ಲ. ಒಂದೇ ಅಚ್ಚಿನ ಹಟ ವರ್ಷಗಟ್ಟಲೆ ಎರಡು ಊರಲ್ಲಿ ಕೂತಿತು.

*

ಸೀಟಮ್ಮನನ್ನು ವ್ಯಾನಿನಲ್ಲಿ ಮಲಗಿಸಿದ್ದಾಗಿತ್ತು. ಮಂಜು ಇನ್ನೂ ಹರಿದಿರಲಿಲ್ಲ. ಬೀದಿ ಅಲ್ಲಿಂದ ಕೆಳಕ್ಕೆ ಇಳಿಜಾರು. ಕಾರನ್ನು ಗೇಟಿನಾಚೆ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟಿದ್ದರು. ಕೆಳಗಡೆ ಜನ ಗುಂಪಾಗಿ ನಿಂತು ಹೆಣ ಹೊರಡುವುದನ್ನು ಕಾಯುತ್ತಿದ್ದರು.

"ತಿರುಗಿಸೋಕೆ ಜಾಗ ಸಾಲದು ಸ್ವಾಮಿ, ಇನ್ನೊಂಚೂರು ಇಳಿಸಿ ಇದನ್ನ," ಎಂದ ವ್ಯಾನಿನ ಡ್ರೈವರು.

ಅಣ್ಣ ಮೊದಲಿನಂತೆಯೇ ಕಿಟಕಿಯೊಳಗೆ ಕೈ ತೂರಿಸಿ, ಕಾಲಿನಿಂದ ಕಲ್ಲನ್ನು ಒದ್ದ. ಹಿಂದೆ ಹಿಡಿದುಕೊಳ್ಳಲು ಬೇಕಾದಷ್ಟು ಜನ ಇದ್ದಾರೋ ಇಲ್ಲವೋ ನೋಡಲಿಲ್ಲ. ಕಾರು ಒಮ್ಮೆ ತೂಗಿ, ಸರ್ರನೆ ಜಾರಿತು. ಮಂಜಿಗೆ ಒದ್ದೆಯಾದ ಅವನ ಕೈ ಸ್ಟೀರಿಂಗಿನಿಂದ ತಪ್ಪಿತು. ಅವನು ಮಂಡಿಯೂರಿ ಬಿದ್ದ.

"ಸರೀರಿ! ಸರೀರಿ!" ಎಂದು ಗುಜರಿ ಮಾವ ಅರಚಿಕೊಂಡ.

ಗಿಡ್ಡಿ ಓಡಿದ್ದು ಅವಳಿಗೇ ತಿಳಿಯಲಿಲ್ಲ. ಬಾಗಿಲು ಎಳೆದು ಒಳಕ್ಕೆ ಜಿಗಿದು ಬ್ರೇಕು ತುಳಿದಳು. ಪೆಡಲು ಕೆಸರಿನಲ್ಲಿ ಇಳಿದಂತೆ ತಳದವರೆಗೂ ಇಳಿಯಿತು, ಬ್ರೇಕೇ ಇರಲಿಲ್ಲ. ಕ್ಲಚ್ಚು ಒತ್ತಿ, ಗೇರು ಎರಡಕ್ಕೆ ತಳ್ಳಿ, ಕಾಲು ಬಿಟ್ಟಳು. ಹೊತ್ತಿರದ ಎಂಜಿನ್ನೇ ಚಕ್ರಗಳನ್ನು ಬಿಗಿಹಿಡಿಯಿತು. ಇಡೀ ಕಾರು ಕೆಮ್ಮಿದ ಹಾಗೆ ಕುಲುಕಿ, ಚಿಕ್ಕಮ್ಮನ ಸೀರೆಯ ನೆರಿಗೆಗೆ ಒಂದು ಗೇಣು ಈಚೆಗೆ ನಿಂತಿತು.

ಆಮೇಲೆ ಅವಳಿಗೆ ಅರಿವಾಯಿತು. ಕಾಲು ಪೆಡಲಿಗೆ ತಡಕಾಡದೆ ಮುಟ್ಟಿತ್ತು. ಬೆನ್ನಿಗೆ ದಿಂಬು ಒತ್ತಿ ಕೂತಿತ್ತು. ಗಾಜಿನಾಚೆಯ ಬೀದಿ ಕಣ್ಣಿನ ನೇರಕ್ಕಿತ್ತು. ತೊಡೆಯ ಕೆಳಗೆ ಕೈಯಾಡಿಸಿದಳು. ಮೇಣ ಹಚ್ಚಿದ ದಾರ, ಎರಡೆಳೆ ಹೊಲಿಗೆ, ಒಂದೂ ಬಿಚ್ಚಿರಲಿಲ್ಲ. ರೆಕ್ಸಿನ್ನು ಎಣ್ಣೆ ಸವರಿ ಒರೆಸಿದಂತೆ ಮೆತ್ತಗಿತ್ತು.

ಅಣ್ಣ ಕುಂಟುತ್ತ ಬಂದು ಕಿಟಕಿಗೆ ಬಗ್ಗಿದ. ಮಂಡಿಯ ಬಳಿ ಪ್ಯಾಂಟು ಹರಿದು ರಕ್ತ ಜಿನುಗುತ್ತಿತ್ತು.

"ಕೂರೋಕೆ ಮನಸ್ಸಿಲ್ಲ ಅಂದೆಯಲ್ಲ," ಎಂದ ತಗ್ಗಿದ ದನಿಯಲ್ಲಿ. "ನಾನು ಅಲ್ಲಿ ಕೂತರೆ ಮಂಡಿ ಸ್ಟೀರಿಂಗಿಗೆ ಸಿಕ್ಕಿಕೊಳ್ಳುತ್ತೆ. ತಲೆ ಚಾವಣಿಗೆ ಬಡಿಯುತ್ತೆ. ಒಂದು ಪದರ ತೆಗಿಯಮ್ಮ, ಸೀಟು ಇಳಿಸಮ್ಮ ಅಂತ ಗೋಗರೆದೆ. ನಾಳೆ ಅಂತಿದ್ದಳು. ಯಾವಾಗ ಕೇಳಿದರೂ ನಾಳೆ."

"ಬ್ಲೇಡು ತಗೊಂಡು ಬಂದು ಕೂತಿದ್ದು ನಾನೇ ನೋಡಿದೀನಿ," ಎಂದ ಗುಜರಿ ಮಾವ, ಎದೆ ನೀವಿಕೊಳ್ಳುತ್ತ. "ಹೊಲಿಗೆ ಮೇಲೆ ಬೆರಳಾಡಿಸ್ತಾಳೆ, ಎದ್ದು ಹೋಗ್ತಾಳೆ. ನೀನು ಕಿತ್ಕೊಂಡು ಹೋದ ಆ ತುಂಡಿದೆಯಲ್ಲ, ಅಂಥದೇ ಇನ್ನೊಂದು ಸಿಕ್ತು ನಂಗೆ. ಇನ್ನೊಂದು ಕಾರಿನ ಹೆಣದಲ್ಲಿ. ತಂದು ಕೊಟ್ಟೆ. 'ತೆಗೆದೋಳು ತಂದು ಹಾಕಲಿ, ಅಲ್ಲೀವರೆಗೂ ಬೇರೆಯವರದ್ದು ಬೇಡ' ಅಂತ ಬೈದು ಕಳಿಸಿದಳು. ಇವನು ಒಬ್ಬ ಮೆಕ್ಯಾನಿಕ್ಕನ್ನ ಕರ್ಕೊಂಡು ಬಂದ. ಅವಳು ಕತ್ತರಿ ಹಿಡ್ಕೊಂಡು ಬಾನೆಟ್ ಮುಂದೆ ನಿಂತಳು ನೋಡು! ಆ ಮೆಕ್ಯಾನಿಕ್ ಇವತ್ತಿಗೂ ಈ ಬೀದಿ ತುಳಿಯೋಲ್ಲ."

ಒಂದಿಬ್ಬರು ಸಾವಿನ ಮನೆಯೆಂಬುದನ್ನೂ ಮರೆತು ನಕ್ಕರು. ಅಣ್ಣ ನಗಲಿಲ್ಲ.

"ಕಾರು ನಂಗೆ ಕೊಟ್ಟಳು, ಕಾದಿದ್ದು ನಿನಗಾಗಿ," ಎಂದ. "ಅವಳ ಹಾಸಿಗೆ ಮಡಚಿದ್ದು ನಾನು, ಔಷಧಿ ಕುಡಿಸಿದ್ದು ನಾನು. ಗೇಟು ಸದ್ದಾದರೆ ಕೇಳ್ತಿದ್ದಳು, ಗಿಡ್ಡಿ ಬಂದಳಾ ಅಂತ. ನನ್ನ ಬದುಕನ್ನ ನೀವಿಬ್ಬರೂ ಸೇರಿ ಅಂಗಳದಲ್ಲಿ ನಿಲ್ಲಿಸಿದ್ರಿ ಕಣೆ. ತಾಯಿ ಮಗಳು ಇಬ್ಬರೂ."

ವ್ಯಾನು ಹಾರ್ನು ಹಾಕಿತು. ಅವನು ಮಂಡಿಯ ರಕ್ತವನ್ನು ಅಂಗೈಯಲ್ಲೇ ಒರೆಸಿಕೊಂಡು ತಾಯಿಯ ಪಕ್ಕ ಹತ್ತಿ ಕೂತ.

*

ಮಣ್ಣು ರಾತ್ರಿಯ ಮಂಜನ್ನು ಕುಡಿದು ತಣ್ಣಗಿತ್ತು. ಒಬ್ಬೊಬ್ಬರೇ ಬಂದು ಒಂದೊಂದು ಹಿಡಿ ಹಾಕಿ ಸರಿದರು. ಗುಜರಿ ಮಾವ ಹಾಕುವಾಗ, "ಹೋಗಿ ಬಾರಮ್ಮ, ಅಲ್ಲಿ ಯಾರಿಗೂ ಕತ್ತರಿ ತೋರಿಸಬೇಡ," ಎಂದು ಅಂಗೈಯ ಮಣ್ಣು ಒದರಿದ.

ಗಿಡ್ಡಿಯ ಸರದಿ ಬಂತು. ಜೇಬಿನಲ್ಲೇ ಕರವಸ್ತ್ರ ಬಿಚ್ಚಿ ರೋಟರನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಅದೇ ಕೈಯಿಂದ ಮಣ್ಣನ್ನೂ ಬಾಚಿ ಗುಂಡಿಯ ಅಂಚಿನಲ್ಲಿ ನಿಂತಳು. ಕೆಳಗೆ ಬಿಳಿ ಬಟ್ಟೆ ಅರ್ಧ ಮುಚ್ಚಿಹೋಗಿತ್ತು. ಒಂದು ಮಾತು ಕೇಳಬೇಕಿತ್ತು ನೀನು, ಎಂದು ಅವಳ ಮನಸ್ಸು ಈಗಲೂ ಹಟ ಹಿಡಿಯಿತು.

"ಹಾಕಮ್ಮ, ಹೊತ್ತಾಯ್ತು," ಎಂದರು ಯಾರೋ.

ಅವಳು ಬೆರಳು ಸಡಿಲಿಸಿದಳು. ಮಣ್ಣು ಬೆರಳ ಸಂದಿನಿಂದ ಉದುರಿತು, ಕೊನೆಯ ಹರಳಿನವರೆಗೂ. ಅಂಗೈಯಲ್ಲಿ ರೋಟರ್ ಉಳಿಯಿತು.

ಜನ ಚದುರತೊಡಗಿದರು. ಅಣ್ಣ ಒಬ್ಬನೇ ಬೇಲಿಯ ಹತ್ತಿರ ಮಂಡಿ ಹಿಡಿದುಕೊಂಡು ನಿಂತಿದ್ದ. ಗಿಡ್ಡಿ ಹೋಗಿ ಎದುರು ನಿಂತಳು. ಅವನ ಕೈ ಎಳೆದು, ಬೆರಳು ಬಿಡಿಸಿ, ಅಂಗೈಯಲ್ಲಿ ಅದನ್ನಿಟ್ಟಳು.

ಅವನು ನೋಡಿದ. ಅಷ್ಟೂ ವರ್ಷ ಶಾಪ ಹಾಕಿದ್ದ ವಸ್ತುವನ್ನು ಅವನು ಒಮ್ಮೆಯೂ ಕಂಡಿರಲಿಲ್ಲ.

"ಇದೇನಾ?"

"ಹ್ಞೂಂ."

"ಇಷ್ಟೇನಾ?"

"ಇಷ್ಟೇ."

"ಸೀಟು ಕುಯ್ತೀನಿ ನಾನು. ಇವತ್ತೇ."

"ಕುಯ್ಯಬೇಡ, ಫೋಮು ಹರಿಯುತ್ತೆ. ಹೊಲಿಗೆ ಬಿಚ್ಚು. ಎಡಗಡೆಯಿಂದ ಬಿಚ್ಚಿಕೊಂಡು ಹೋಗು, ಗಂಟು ಅಲ್ಲಿ ಹಾಕಿದಾಳೆ."

ಅವನು ತುಂಡನ್ನು ಎರಡು ಬೆರಳಲ್ಲಿ ಹಿಡಿದು, ಯಾವುದು ಮೇಲೆ, ಯಾವುದು ಕೆಳಗೆ ಎಂದು ತಿಳಿಯದೆ, ತಲೆಕೆಳಗಾಗಿಯೇ ನೋಡುತ್ತಿದ್ದ. ಗಿಡ್ಡಿ ಕೈಚಾಚಿ, ಅದರ ಮೇಲಂಟಿದ್ದ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿ, ಹಿತ್ತಾಳೆಯ ಪಟ್ಟಿ ಮೇಲಕ್ಕೆ ಬರುವಂತೆ ತಿರುಗಿಸಿ, ಅವನ ಅಂಗೈಯಲ್ಲಿ ನೆಟ್ಟಗೆ ನಿಲ್ಲಿಸಿದಳು.