ಕುರ್ಚಿಯ ಕಾಯಕ

ದುಡಿದು ದಣಿದವನಿಗೆ ನಿದ್ದೆಯಾದರೂ ಬರುತ್ತದೆ. ಕೂತು ದಣಿದವನು ತನ್ನ ಗೋಳನ್ನು ಯಾರ ಮುಂದೆ ಹೇಳಬೇಕು? ಆಳಂದದ ದೌಲತರಾಯ ಸಾಹುಕಾರರ ತೊಗರಿಬೇಳೆ ಮಿಲ್ಲಿನಲ್ಲಿ ಶಿವಪ್ರಕಾಶನಿಗೆ ಕೂರುವುದಕ್ಕೇ ಪಗಾರ. ಬೇಳೆಯ ಬಣ್ಣ ನೋಡಿ ಕರಿಕಾಳು ಬೇರೆ ಮಾಡುವ ಹೊಸ ಯಂತ್ರ ಅಲ್ಲಿಗೆ ಬಂದಿತ್ತು. ಅದು ಕೆಟ್ಟ ಕೂಡಲೇ ರಿಪೇರಿ ಮಾಡಲೆಂದು ಕಲಬುರಗಿಯ ಕಂಪನಿಯೊಂದು ಇವನನ್ನು ಗುತ್ತಿಗೆಯ ಮೇಲೆ ಕಳಿಸಿತ್ತು. ಆ ಪುಣ್ಯಾತ್ಮ ಯಂತ್ರವೋ, ಕೆಡಲೇ ಒಲ್ಲದು.

ಯಂತ್ರದ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಬೆಳಿಗ್ಗೆ ಬಂದು ಯಂತ್ರದ ಗಾಜು ಒರೆಸಿದರೆ ಮುಗಿಯಿತು, ಆಮೇಲೆ ಸಂಜೆವರೆಗೆ ಅವನೂ ಕುರ್ಚಿಯೂ. ಸುತ್ತ ಎಲ್ಲರೂ ಬೆವರು ಸುರಿಸುತ್ತಿರುವಾಗ ಕೂತವನಿಗೆ ಕೈ ಎಲ್ಲಿಡಬೇಕೆಂಬುದೇ ತಿಳಿಯುವುದಿಲ್ಲ. ಮೊಬೈಲು ಹಿಡಿದರೆ ಸೊಕ್ಕು ಎನ್ನುತ್ತಾರೆ, ಕಣ್ಣು ಮುಚ್ಚಿದರೆ ಸೋಮಾರಿ ಎನ್ನುತ್ತಾರೆ. ಚೀಲ ಹೊರುವ ಹಮಾಲ ಶಾಹಿದ ಹಾದುಹೋಗುವಾಗೆಲ್ಲ, "ಕುರ್ಚಿ ಸಾಹೇಬ್ರ, ಸೊಂಟ ನೋಯ್ತದೇನ್ರಿ?" ಎಂದು ಕಿಚಾಯಿಸುತ್ತಿದ್ದ. ನಿಜಕ್ಕೂ ನೋಯುತ್ತಿತ್ತು.

ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಸಂಜೆಯ ಫೋನು. ಸ್ವಂತ ಊರು ಅಂದೋಲಾದಲ್ಲಿರುವ ತಾಯಿ ಗಂಗಾಬಾಯಿ ಶರಣರ ಮಾತು ಕೇಳುತ್ತ ಬೆಳೆದವಳು. ಅವಳ ಮನೆಯಲ್ಲಿ ಊಟದ ಗಂಗಾಳದ ಮುಂದೆ ಕೂತವರು ಅಂದಿನ ಕಾಯಕವೇನೆಂದು ಹೇಳಿಯೇ ತುತ್ತು ಎತ್ತಬೇಕು. ಮಗ ಆಳಂದದಲ್ಲಿ ಬಾಡಿಗೆ ಕೋಣೆ ಹಿಡಿದ ಮೇಲೂ ಅವಳು ಆ ಪದ್ಧತಿ ಬಿಡಲಿಲ್ಲ.

"ಇವತ್ತ ಏನ್ ಕಾಯಕ ಆತೋ ಯಪ್ಪಾ?"

"ಯಂತ್ರ ಬಿಚ್ಚಿ ಜೋಡಿಸ್ದೆ ಯವ್ವಾ."

ದಿನಾ ಒಂದು ಸುಳ್ಳು. ಆಮೇಲೆ ಅರ್ಧ ರೊಟ್ಟಿ ಹಾಗೇ ಉಳಿಯುತ್ತಿತ್ತು.

ಒಂದು ಮಧ್ಯಾಹ್ನ ತಡೆಯಲಾರದೆ ಎದ್ದ. ಅಂಗಳ ಗುಡಿಸುವ ಮಲ್ಕಮ್ಮ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು. ವಯಸ್ಸಾದ ಹೆಂಗಸು, ಪಾಪ, ಎಂದುಕೊಂಡು ಅವಳ ಕಸಬರಿಗೆ ಎತ್ತಿಕೊಂಡ. ಅಂಗಳವನ್ನೆಲ್ಲ ಗುಡಿಸಿ, ಚೆಲ್ಲಿದ ಕಾಳು-ನುಚ್ಚನ್ನು ಜರಡಿ ಹಿಡಿದು, ಚೂರೂ ಬಿಡದೆ ಸಾಹುಕಾರರ ಚೀಲಕ್ಕೆ ಸುರಿದ. ಬೆನ್ನ ಮೇಲೆ ಬೆವರು ಇಳಿದಾಗ ಕಣ್ಣಲ್ಲಿ ನೀರು ಬರುವಷ್ಟು ಹಿತವಾಯಿತು. ಅಂದು ತಾಯಿಗೆ ಅಂಗಳ ಗುಡಿಸಿದೆನೆಂದು ನಿಜವನ್ನೇ ಹೇಳಿ ಹೊಟ್ಟೆ ತುಂಬ ಉಂಡ. ಮರುದಿನವೂ ಗುಡಿಸಿದ, ವಾರವಿಡೀ ಗುಡಿಸಿದ. ಮಲ್ಕಮ್ಮ ಏನೂ ಅನ್ನಲಿಲ್ಲ. ಅವಳಿಗೆ ಸಂತೋಷವಾಗಿದೆ ಎಂದು ಇವನು ತಿಳಿದ. ಜಾಣನೇ ಸರಿ!

ಕೊನೆಗೆ ಶಾಹಿದನೇ ಬಾಯಿಬಿಟ್ಟ. ಈ ಸಲ ಕಿಚಾಯಿಸಲಿಲ್ಲ.

"ಸಾಹೇಬ್ರ, ಮಲ್ಕವ್ವಗ ಇಲ್ಲಿ ಪಗಾರ ಇಲ್ರಿ. ಅಂಗಳದ ಕಸಾ ಹೊಡದಾಗ ಸಿಗೋ ನುಚ್ಚೇ ಆಕಿ ಕೂಲಿ. ಇವರಪ್ಪ ದೊಡ್ಡ ಸಾವ್ಕಾರ್ರ ಕಾಲದಿಂದ ಹಿಂಗೇ ನಡಕೋತ ಬಂದದ. ನೀವು ಅದನ್ನ ಒಯ್ದು ಚೀಲಕ್ಕ ಹಾಕಾಕತ್ತೀರಿ."

"ಆಕಿ ಯಾಕ ಹೇಳ್ಲಿಲ್ಲ?"

"ಕುರ್ಚಿ ಮ್ಯಾಲ ಕುಂತವ್ರಿಗಿ ಯಾರ್ ಹೇಳ್ತಾರ್ರಿ?"

ಶಿವಪ್ರಕಾಶ ಕಸಬರಿಗೆಯನ್ನು ಗೋಡೆಗೆ ಒರಗಿಸಿದ. ಮುದುಕಿಯ ಅನ್ನಕ್ಕೆ ಮಣ್ಣು ಹಾಕಿ, ಅದನ್ನೇ ಕಾಯಕವೆಂದು ತಾಯಿಗೆ ಹೇಳಿ ಉಂಡಿದ್ದ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಷ್ಟರಲ್ಲಿ ದೌಲತರಾಯರು ನಗುತ್ತ ಅಂಗಳಕ್ಕೆ ಬಂದರು.

"ಭಾಳ ಚೊಲೋ ಮಾಡೀರಿ ಶಿವಪ್ರಕಾಶ. ನುಚ್ಚೂ ಉಳೀತು, ಅಂಗಳಾನೂ ಸ್ವಚ್ಛ ಆತು. ನೀವು ಹೆಂಗೂ ಖಾಲಿ ಕುಂತಿರ್ತೀರಿ. ಮಲ್ಕಮ್ಮಾ, ನಾಳಿಂದ ನೀ ಬರೋದು ಬ್ಯಾಡ."

ಮಲ್ಕಮ್ಮ ಗೇಟಿನ ಬಳಿ ಖಾಲಿ ಕೈಚೀಲ ಹಿಡಿದು ನಿಂತಿದ್ದಳು. ಯಾರ ಮುಖವನ್ನೂ ನೋಡಲಿಲ್ಲ.

ಹಮಾಲರು ಚೀಲ ಇಳಿಸಿ ನಿಂತರು. ಇಷ್ಟು ದಿನ ತಾಯಿಯಿಂದ ಮುಚ್ಚಿಟ್ಟ ಮಾತನ್ನೇ ಈಗ ಶಿವಪ್ರಕಾಶ ಎಲ್ಲರೆದುರು ಬಾಯಿ ಬಿಟ್ಟು ಹೇಳಬೇಕಿತ್ತು.

"ಇಲ್ರಿ ಸಾವ್ಕಾರ್ರ. ಕಸಾ ಹೊಡ್ಯಾದು ನನ್ನ ಕೆಲಸಲ್ರಿ. ನಾ ಇಲ್ಲಿ ಕುಂದ್ರಾಕ ಬಂದೇನಿ."

ಯಾರೋ ಕಿಸಕ್ಕನೆ ನಕ್ಕರು.

"ಕುಂದ್ರೋದೂ ಒಂದ್ ಕೆಲಸೇನ್ರಿ?" ಎಂದರು ದೌಲತರಾಯರು.

"ಹೌದ್ರಿ. ಕಂಪನಿ ನನ್ನ ಅದಕ್ಕೇ ಕಳಿಸ್ಯದ. ನಾ ಅಂಗಳದಾಗ ಇದ್ದಾಗ ಯಂತ್ರ ಕೆಟ್ರ ಜವಾಬ್ದಾರಿ ನಂದಲ್ರಿ."

ಲಕ್ಷಗಟ್ಟಲೆ ಸುರಿದ ಯಂತ್ರ ಕೆಡುವ ಮಾತು ಬಂದರೆ ಸಾಹುಕಾರರಿಗೆ ದಿಗಿಲು. ಮುಖದ ನಗು ಹೋಯಿತು. "ಹಂಗಾದ್ರ ಆಕಿನೇ ಹೊಡೀಲಿ. ನೀವು ಮಾತ್ರ ಕುರ್ಚಿ ಬಿಟ್ಟು ಏಳಬ್ಯಾಡ್ರಿ ಮತ್ತ. ನೀರು ಬೇಕಂದ್ರೂ ಅಲ್ಲೇ ತರಿಸ್ಕೋರಿ," ಎಂದು ಸಿಡಿಮಿಡಿಗೊಂಡು ಹೊರಟುಹೋದರು.

ಶಿವಪ್ರಕಾಶ ಕಸಬರಿಗೆ ಒಯ್ದು ಮಲ್ಕಮ್ಮನಿಗೆ ಕೊಟ್ಟ. "ತಪ್ಪಾತು ಯವ್ವಾ. ವಾರದ ನುಚ್ಚಿನ ಬದಲಿ ಬ್ಯಾಳಿ ತಂದು ಕೊಡ್ತೇನಿ," ಎಂದ. ಅವಳು ಕಸಬರಿಗೆಯನ್ನು ತಿರುವಿ ನೋಡಿದಳು.

"ಕಡ್ಡಿ ಎಲ್ಲಾ ಮುರದೀರಿ. ಬ್ಯಾಳಿ ಬ್ಯಾಡ್ರಿ, ನೀವು ಹೋಗಿ ಕುಂದರ್ರಿ, ಅಷ್ಟು ಸಾಕು."

ಹೋಗಿ ಕೂತ. ಅವಳು ಗುಡಿಸುತ್ತ ಕುರ್ಚಿಯ ಹತ್ತಿರ ಬಂದಾಗ ಎರಡೂ ಕಾಲು ಮೇಲೆತ್ತಿದ. ಅಂದು ಅವನು ಮಾಡಿದ ಕೆಲಸ ಅಷ್ಟೇ. ಸಂಜೆಗೆ ಮೈಯೆಲ್ಲ ಜಜ್ಜಿದಂತಾಗಿತ್ತು.

ಕೋಣೆಯಲ್ಲಿ ರೊಟ್ಟಿ ಗಂಟು ಬಿಚ್ಚುವ ಹೊತ್ತಿಗೆ ಫೋನು ಬಂತು.

"ಇವತ್ತ ಏನ್ ಕಾಯಕ ಆತೋ ಯಪ್ಪಾ?"

"ಕುಂತಿದ್ದೆ ಯವ್ವಾ. ದಿನಾ ಕುಂತೇ ಇರ್ತೇನಿ. ಎದ್ರ ಒಬ್ಬಾಕಿ ಹೊಟ್ಟಿ ಮ್ಯಾಲ ಹೊಡದಂಗ ಆಗ್ತದ." ಯಂತ್ರ, ಅಂಗಳ, ನುಚ್ಚು, ಹೇಳಿದ ಸುಳ್ಳುಗಳು, ಎಲ್ಲವನ್ನೂ ಹೇಳಿದ. ರೊಟ್ಟಿಯನ್ನು ಮುಟ್ಟಲಿಲ್ಲ.

 ಬೈಗುಳ ಬರುತ್ತದೆಂದು ಕಾದ.

"ಭಾಳ ದಣದಿರಬೇಕಲೋ," ಎಂದಳು ಗಂಗಾಬಾಯಿ. "ಉಣ್ಣು."