ಮಗ್ಗಿ ನಿಲ್ಲುವ ಜಾಗ

ಆಲ್ಕೊಳದ ಆ ಬೀದಿಯಲ್ಲಿ ಅಕ್ಷರಾಳ ಮಗ್ಗಿ ಕೇಳದವರಿರಲಿಲ್ಲ. ಸಂಜೆ ದೇವರಿಗೆ ದೀಪ ಹಚ್ಚಿ ಹಣೆಗೆ ವಿಭೂತಿ ಇಟ್ಟ ಕೂಡಲೇ ಅವಳ ಅಮ್ಮ ಬಸವರಾಜೇಶ್ವರಿ ಮಗಳನ್ನು ಕಿಟಕಿಯ ಪಕ್ಕವೇ ಕೂರಿಸುತ್ತಿದ್ದಳು. ಒಳಗೆ ಕೂರಿಸಿದರೆ ಬೀದಿಗೆ ಕೇಳುವುದು ಹೇಗೆ? ಮೂರನೇ ಕ್ಲಾಸಿನ ಹುಡುಗಿ ಇಪ್ಪತ್ತರ ಮಗ್ಗಿಯವರೆಗೂ ಗಡಗಡ ಒಪ್ಪಿಸುತ್ತಿದ್ದಳು. ಮನೆಗೆ ಯಾರೇ ಬರಲಿ, ಕಾಫಿಗಿಂತ ಮೊದಲು ಮಗ್ಗಿ ಬರುತ್ತಿತ್ತು.

ಭದ್ರಾವತಿಯಲ್ಲಿ ಬಸವರಾಜೇಶ್ವರಿಯ ಅಣ್ಣನ ಮನೆಯ ಗೃಹಪ್ರವೇಶ. ನೆಂಟರು ಸೇರಿದ್ದೇ ತಡ, ಅಕ್ಷರಾಳನ್ನು ನಡುಮನೆಯಲ್ಲಿ ನಿಲ್ಲಿಸಿದ್ದಾಯಿತು. ಹದಿನೆಂಟರ ಮಗ್ಗಿ ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಬಸವರಾಜೇಶ್ವರಿ ಸುಮ್ಮಸುಮ್ಮನೆ ಸೆರಗು ಸರಿಮಾಡಿಕೊಂಡಳು.

ಊಟದ ಉಸ್ತುವಾರಿ ನೋಡುತ್ತಿದ್ದ ಸಿದ್ದಯ್ಯ ಬಾಳೆಲೆಯ ಕಟ್ಟು ಹಿಡಿದು ಅಲ್ಲೇ ನಿಂತಿದ್ದರು. ಬಸವರಾಜೇಶ್ವರಿಗೆ ದೂರದ ಸಂಬಂಧದಲ್ಲಿ ಚಿಕ್ಕಪ್ಪ.

"ಭೇಷ್ ಪುಟ್ಟಿ! ಒಂದ್ ಸಾಲಿಗೆ ಹನ್ನೆರಡು ಎಲೆ ಹಾಕ್ತೀವಿ. ಎಂಟು ಸಾಲಿಗೆ ಎಷ್ಟು ಎಲೆ ಬೇಕು, ಹೇಳು ನೋಡೋಣ."

ಅಕ್ಷರಾ ಅಮ್ಮನ ಕಡೆ ನೋಡಿದಳು. "ಯಾವ ಮಗ್ಗಿ ಹೇಳ್ಬೇಕಮ್ಮ?"

"ಹನ್ನೆರಡರದ್ದು ಕಣೇ!"

ಹುಡುಗಿ ಕೈಕಟ್ಟಿ ಶುರುಮಾಡಿದಳು. ಹನ್ನೆರಡೊಂದ್ಲಿ ಹನ್ನೆರಡರಿಂದ ಹೊರಟವಳು ಹನ್ನೆರಡ್ಹತ್ಲಿ ನೂರಿಪ್ಪತ್ತಕ್ಕೇ ಹೋಗಿ ನಿಂತಳು. ನಡುವೆ ಎಂಟು ಬಂದು ಹೋದದ್ದು ಪಾಪ, ಅವಳಿಗೆ ಗೊತ್ತೇ ಆಗಲಿಲ್ಲ.

"ಅಯ್ಯೋ ಮಾರಾಯ್ತಿ, ಸ್ಟಾಪ್ ಬಂದ್ರೂ ಬಸ್ ನಿಲ್ಲಿಸ್ಲೇ ಇಲ್ವಲ್ಲೇ!" ಎಂದರು ಸಿದ್ದಯ್ಯ. ನಡುಮನೆಯೆಲ್ಲ ಗೊಳ್ಳೆಂದು ನಕ್ಕಿತು.

ಬಸವರಾಜೇಶ್ವರಿಯೂ ನಕ್ಕಳು. ನಗುತ್ತಲೇ ಮಗಳನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ತೊಡೆಯನ್ನು ಬಲವಾಗಿ ಚಿವುಟಿದಳು. "ಅಷ್ಟು ಜನದ ಮುಂದೆ ಮಾನ ಕಳೆದ್ಯಲ್ಲೇ!"

ಅಕ್ಷರಾ ಅಳಲಿಲ್ಲ. "ಇನ್ನೊಂದ್ಸಲ ಸರಿಯಾಗಿ ಹೇಳ್ಲಾ ಅಮ್ಮ?" ಎಂದಳು. ಯಾವುದು ಸರಿ ಎಂದು ಅವಳಿಗೆ ಯಾರೂ ಹೇಳಿಕೊಟ್ಟೇ ಇರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಮಗಳು ತೊಡೆಯ ಮೇಲೆ ಮಲಗಲಿಲ್ಲ, ಕಿಟಕಿಯ ಕಂಬಿ ಹಿಡಿದು ಕೂತಳು. ಆ ಸಂಜೆ ಮನೆಯಲ್ಲಿ ದೀಪ ಹಚ್ಚಿದರೂ ಮಗ್ಗಿ ಕೇಳಿಸಲಿಲ್ಲ. ಸ್ನಾನ ಮಾಡಿಸುವಾಗ ತೊಡೆಯ ಮೇಲೆ ನೀಲಿಗಟ್ಟಿದ್ದು ಕಂಡು ತಾಯಿ ಅಲ್ಲಿಗೆ ಮೆಲ್ಲಗೆ ನೀರು ಹೊಯ್ದಳು. ತಪ್ಪು ತನ್ನದೇ ಎಂದು ಗೊತ್ತಿತ್ತು. ಅದನ್ನು ಇಷ್ಟು ಚಿಕ್ಕ ಹುಡುಗಿಯ ಹತ್ತಿರ ಹೇಳುವುದು ಹೇಗೆಂದು ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ರಂಗೋಲಿಯ ಚುಕ್ಕಿ ಇಡುತ್ತಿದ್ದಾಗ ಅವಳ ಕೈ ಒಮ್ಮೆಲೇ ನಿಂತಿತು. ಇಷ್ಟು ವರ್ಷ ದಿನಾ ಹಾಕುವ ಈ ಸಾಲುಗಳನ್ನು ಒಂದು ದಿನವೂ ಮಗಳಿಗೆ ತೋರಿಸಿರಲಿಲ್ಲವಲ್ಲ!

"ಅಕ್ಷೂ, ಬಾರೇ ಇಲ್ಲಿ. ಹೊಡೆಯಲ್ಲ, ಬಾ. ನೋಡು, ಸಾಲಿಗೆ ಏಳು ಚುಕ್ಕಿ, ಏಳು ಸಾಲು. ನಾನು ಮಗ್ಗಿ ಹೇಳ್ತೀನಿ, ನೀನು ಒಂದೊಂದು ಸಾಲಿಗೆ ಬೆರಳಿಡ್ತಾ ಹೋಗು."

ಅಕ್ಷರಾ ಲಂಗದಿಂದ ತೊಡೆ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತಳು. ಬಸವರಾಜೇಶ್ವರಿ ಶುರುಮಾಡಿದಳು. "ಏಳೊಂದ್ಲಿ ಏಳು, ಏಳೆರಡ್ಲಿ ಹದಿನಾಲ್ಕು..." ಪುಟ್ಟ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ತಾಯಿಗೂ ಚಿಕ್ಕಂದಿನ ರಾಗ ಬಾಯಿಗೆ ಬಂತು. "...ಏಳೇಳ್ಲಿ ನಲವತ್ತೊಂಬತ್ತು, ಏಳೆಂಟ್ಲಿ ಐವತ್ತಾರು, ಏಳೊಂಬತ್ಲಿ..."

"ಅಮ್ಮ, ಚುಕ್ಕಿ ಮುಗೀತು."

ಮಗಳ ಬೆರಳು ಕೊನೆಯ ಸಾಲಿನ ಮೇಲೆ ನಿಂತಿತ್ತು. ಬಸವರಾಜೇಶ್ವರಿಯ ಬಸ್ಸೂ ಸ್ಟಾಪ್ ದಾಟಿ ಹೋಗಿತ್ತು. ಅಕ್ಷರಾ ಅವಳ ಮುಖ ನೋಡಿದಳು. ಆಮೇಲೆ ಎದುರುಮನೆಯ ಬಾಗಿಲ ಕಡೆ ನೋಡಿ, ಹತ್ತಿರ ಸರಿದು, ಮೆಲ್ಲಗೆ ಹೇಳಿದಳು.

"ಯಾರೂ ಕೇಳಿಸ್ಕೊಂಡಿಲ್ಲ, ಬಿಡಮ್ಮ."

ಬಸವರಾಜೇಶ್ವರಿ ರಂಗೋಲಿ ಕೈಯಲ್ಲೇ ಮಗಳನ್ನು ತಬ್ಬಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಅತ್ತಳು.